ಇಂಕಾ ಕಲ್ಲಿಗೆ ಮೂರು ಬೆರಳು ವಿಭೂತಿ

ನನ್ನ ಭಾವನದು ಔರಾದಿನಲ್ಲಿ ಬೀಜದ ಅಂಗಡಿ. ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಕಂಪನಿಯವರು ವರ್ಷಕ್ಕೊಮ್ಮೆ ಪರದೇಶಕ್ಕೆ ಕರೆದೊಯ್ಯುತ್ತಾರೆ. ಬ್ಯಾಂಕಾಕ್, ದುಬೈ ಮುಗಿದು ಈ ಸಲ ಪೆರು ಬಂತು. ಮೊಣಕಾಲು ನೋವಿನ ಅಕ್ಕ ಬೆಟ್ಟ ಹತ್ತಲಾರೆ ಎಂದಳು. ಅವಳ ಜಾಗದಲ್ಲಿ ನಾನು ಹೊರಟೆ. ಭಾಲ್ಕಿಯ ಸಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಅಲ್ಲಿ ಬೆಟ್ಟದ ನೆತ್ತಿಯಲ್ಲಿ ಹಿಂದಿನ ಕಾಲದ ಇಂಕಾ ಜನ ಕಟ್ಟಿದ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದಿದ್ದೆ. ಗುಂಪಿನಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ ಆದ್ದರಿಂದ ಗೈಡ್ ಹೇಳಿದ್ದನ್ನು ಉಳಿದವರಿಗೆ ಕನ್ನಡದಲ್ಲಿ ದಾಟಿಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಆ ಗುಂಪಿನ ಜೊತೆ ಹೋದದ್ದು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಬೆಟ್ಟದ ರೈಲಿನಲ್ಲಿ ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದರು, ಅದಿರಲಿ, ಹಸಿದ ಹೊಟ್ಟೆ. ಆದರೆ ಗುಟ್ಕಾ ಜಗಿದು ನೀರಿನ ಬಾಟಲಿಯಲ್ಲಿ ಉಗಿದು, ಆ ಕೆಂಪು ಬಾಟಲಿಯನ್ನು ಸೀಟಿನ ಕೆಳಗೆ ತಳ್ಳಿದರು. ಎದುರು ಕೂತಿದ್ದ ವಿದೇಶಿ ಮುದುಕಿ ಅದನ್ನು ನೋಡಿ ಕಾಲು ಮೇಲಕ್ಕೆ ಎಳೆದುಕೊಂಡಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಗೈಡ್ ಆ ಸೀಮೆಯವಳೇ, ಕುಳ್ಳಗಿನ ಹೆಣ್ಣುಮಗಳು, ಎರಡು ಜಡೆ. ಕೊರಳಲ್ಲಿ ಅವಳ ಫೋಟೋ ಇದ್ದ ಕಾರ್ಡು. ರೈಲಿಳಿದು ಮೇಲೆ ಹೋಗುವ ಬಸ್ಸಿನಲ್ಲೇ ಅದನ್ನು ಎತ್ತಿ ತೋರಿಸಿ ಹೇಳಿದಳು: ಈ ಕಾರ್ಡು ಬಂದು ಒಂದು ತಿಂಗಳಾಗಿಲ್ಲ, ಮೂರು ವರ್ಷ ಓದಿ ಪಡೆದದ್ದು, ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ದಯವಿಟ್ಟು ಕಲ್ಲು ಮುಟ್ಟಬೇಡಿ, ಮುಟ್ಟಿದರೆ ಇದನ್ನು ಕಿತ್ತುಕೊಳ್ಳುತ್ತಾರೆ. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. "ಆಯ್ತರಿ, ನಾವೇನು ಸಣ್ಣ ಹುಡುಗರೇನ್ರಿ" ಎಂದ ಭಾವ.

ಮೇಲೆ ಹೋದೆವು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆಗಳು. ನನ್ನ ಹಿಂದಿದ್ದವನೊಬ್ಬ, "ಇದಕ್ಕಿಂತ ದೊಡ್ಡ ಕಲ್ಲು ನಮ್ಮ ಬೀದರ ಕಿಲ್ಲಾದಾಗ ಬಿದ್ದಾವರಿ, ಅದನ್ನ ಯಾರೂ ನೋಡಂಗಿಲ್ಲ" ಎಂದ. ನೋಡದೆ ಏನು, ವರ್ಷ ವರ್ಷ ಸಾಲೆಯ ಮಕ್ಕಳನ್ನು ಆ ಕಿಲ್ಲೆಗೆ ಕರೆದೊಯ್ದವನೇ ನಾನು. ಒಮ್ಮೆ ಒಬ್ಬ ಹುಡುಗ ಇದ್ದಿಲಿನಿಂದ ಗೋಡೆಯ ಮೇಲೆ ಹೆಸರು ಬರೆದಾಗ, ಅವನ ಅಂಗಿಯಿಂದಲೇ ಅದನ್ನು ಒರೆಸಿಸಿದ್ದೆ. ಅಂಥ ಕಟ್ಟುನಿಟ್ಟಿನ ಮಾಸ್ತರ ನಾನು.

ತುದಿಯಲ್ಲಿ ಹಗ್ಗ ಕಟ್ಟಿದ ಜಾಗದ ನಡುವೆ ಕಂಬದಂತೆ ಎದ್ದು ನಿಂತ ಒಂದು ಕಲ್ಲಿತ್ತು. ಸೂರ್ಯನ ಚಲನೆ ನೋಡಲು ಕಡೆದದ್ದೆಂದು ಗೈಡ್ ಹೇಳಿ, ಉಳಿದವರಿಗೆ ಕಣಿವೆ ತೋರಿಸಲು ಆಚೆ ತಿರುಗಿದಳು. ಭಾವನ ಕಣ್ಣು ಅರಳಿತು. "ಮಾಸ್ತರ, ಇದು ಲಿಂಗಾನ ಅದ!" ಎಂದ. ಅವನ ಕೊರಳಲ್ಲೇ ಲಿಂಗವಿದೆ, ದಿನಾ ಅಂಗೈಯಲ್ಲಿಟ್ಟು ಪೂಜಿಸುತ್ತಾನೆ. ಕಂಡ ಕಂಡ ಕಲ್ಲಿಗೆ ಅಡ್ಡ ಬೀಳಬಾರದೆಂದು ಶರಣರ ಸಭೆಗಳಲ್ಲಿ ಮೈಕು ಹಿಡಿದು ಹೇಳುವವನೂ ಅವನೇ. ಹೇಳುವುದು ಆಚಾರ, ಮಾಡುವುದು ಅನಾಚಾರ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ನೀರು ಹನಿಸಿ ತಿಕ್ಕಿ, ಹಗ್ಗ ದಾಟಿ ಹೋಗಿ ಆ ಕಲ್ಲಿಗೆ ಮೂರು ಬೆರಳು ಎಳೆದ.

"ಒಂದು ಫೋಟೋ ಹೊಡೀರಿ, ಲಗೂ."

ಹೊಡೆದೆ.

ಸೀಟಿ ಕೇಳಿತು. ಕಾವಲುಗಾರ ಬಂದ. ಗೈಡ್ ಓಡಿ ಬಂದು ಆ ಮೂರು ಬಿಳಿ ಗೆರೆ ನೋಡಿ, ಹೆಗಲ ಶಾಲಿನಿಂದ ಒರೆಸಲು ಹೋದಳು, ಅವನು ತಡೆದ. ಅವಳು ನನ್ನ ಹತ್ತಿರ ಬಂದು ಕೇಳಿದಳು: "ಯಾರು ಮಾಡಿದ್ದೆಂದು ಹೇಳಿ. ಅವರು ದಂಡ ಕಟ್ಟಿದರೆ ಮುಗಿಯಿತು. ಯಾರೂ ಒಪ್ಪದಿದ್ದರೆ ನನ್ನ ಕಾರ್ಡು ಹೋಗುತ್ತದೆ."

ಭಾವ ಬೂದಿ ಮೆತ್ತಿದ ಬೆರಳನ್ನು ಪ್ಯಾಂಟಿನ ಜೇಬಿಗೆ ತುರುಕಿದ್ದ. ಕಿವಿಯ ಹತ್ತಿರ ಬಂದು, "ಪೊಲೀಸ ಗಿಲೀಸ ಆದ್ರ ನಿಮ್ಮ ಅಕ್ಕ ಎದಿ ಒಡ್ಕೋತಾಳರಿ. ಗೊತ್ತಿಲ್ಲ ಅಂದುಬಿಡ್ರಿ" ಎಂದ. ನಾನು ಅದನ್ನು ಒಳ್ಳೆಯ ಇಂಗ್ಲಿಷಿಗೆ ತಿರುಗಿಸಿದೆ: ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಅವಳು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು. ಮತ್ತೆ ನನ್ನ ಮುಖ ನೋಡಿದಳು. ಕಾರ್ಡು ತೆಗೆದು ಕಾವಲುಗಾರನಿಗೆ ಕೊಟ್ಟು, ನಮ್ಮನ್ನೆಲ್ಲ ಎಣಿಸಿ, ಮೆಟ್ಟಿಲು ನೋಡಿಕೊಂಡು ಇಳಿಯಿರಿ ಎನ್ನುತ್ತ ಕೆಳಗೆ ಕರೆತಂದು ಬಸ್ಸು ಹತ್ತಿಸಿದಳು. ಬಸ್ಸಿನಲ್ಲಿ ಭಾವ ಬಿಸ್ಕೀಟು ಹಂಚಿದ. ಅವನ ಮೇಲೆ ಉಗಿಯಬೇಕೆನಿಸಿತು. ಆದರೆ ಸುಳ್ಳು ಹೇಳಿದ ಬಾಯಿ ನನ್ನದು.

ಈಗ ಆ ಫೋಟೋ ಔರಾದಿನ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿಕೊಂಡು ಹಾರದೊಳಗೆ ನೇತಾಡುತ್ತಿದೆ. ಹೋದ ವಾರ ಹೋಗಿದ್ದೆ. ತೊಗರಿ ಬೀಜಕ್ಕೆ ಎಕಂಬಾದಿಂದ ಬಂದಿದ್ದ ರೈತನೊಬ್ಬ ಅದಕ್ಕೆ ಕೈ ಮುಗಿದ. ಆಮೇಲೆ ಫೋಟೋದ ಅಂಚಿಗೆ ಬೆರಳಿಟ್ಟ. ಅಲ್ಲಿ ಎರಡು ಜಡೆಯ ಹೆಂಗಸೊಬ್ಬಳು ನಮ್ಮನ್ನು ನಂಬಿ ಬೆನ್ನು ತಿರುಗಿಸಿ ನಿಂತಿದ್ದಾಳೆ.

"ಈ ಹೆಣ್ಣಮಗಳು ಯಾರ್ರಿ?"

"ಗೈಡ್ ಇದ್ಲರಿ. ಭಾಳ ಛಲೋ ಹೆಣ್ಣಮಗಳು. ಯಾರಿಗೂ ಬಿಡಂಗಿಲ್ಲ, ನಮಗ ಪೂಜಾ ಮಾಡ್ಲಿಕ್ಕಿ ಬಿಟ್ಲು" ಎಂದ ಭಾವ. ನನ್ನ ಕಡೆ ತಿರುಗಿ ಪೇಢಾದ ಡಬ್ಬಿ ಚಾಚಿದ. "ಹೌದಲ್ರಿ, ಮಾಸ್ತರ?"

ನಾನು ಪೇಢಾ ಬಾಯಿಗೆ ಹಾಕಿಕೊಂಡು ಹೂಂ ಎಂದೆ.