ಆಮೇಲೆ ಎಂಬ ಗುಂಡಿ

ಕಂಪ್ಯೂಟರಿನ ಮೂಲೆಯಲ್ಲಿ ‘ನಿಮ್ಮ ಬ್ರೌಸರ್ ಹಳತಾಗಿದೆ, ಹೊಸದು ಹಾಕಿಕೊಳ್ಳಿ’ ಎಂಬ ವಿಜ್ಞಾಪನೆ ಬಂದಾಗಲೆಲ್ಲ ಕಣ್ಣು ಮುಚ್ಚಿ ‘ಆಮೇಲೆ’ ಎಂಬ ಗುಂಡಿ ಒತ್ತುವವರ ಸಂಘವೇನಾದರೂ ಇದ್ದರೆ, ಓದುಗ ಮಹಾಶಯರೇ, ಅದರ ಆಜೀವ ಅಧ್ಯಕ್ಷಗಿರಿಗೆ ನಾನು ಅವಿರೋಧವಾಗಿ ಆಯ್ಕೆಯಾಗಬಲ್ಲೆ. ಬ್ಯಾಂಕಿನ ವರ್ಗಾವಣೆ ನನ್ನನ್ನು ಸೂರತ್ತಿನ ಅಡಾಜಣ್‌ಗೆ ತಂದು ಹಾಕಿ ಮೂರು ವರ್ಷವಾದರೂ ಎರಡು ಪೆಟ್ಟಿಗೆ ಇನ್ನೂ ಬಿಚ್ಚಿಲ್ಲವೆಂದರೆ ನನ್ನ ಅರ್ಹತೆ ನಿಮಗೆ ಮನವರಿಕೆಯಾದೀತು.

ಕಳೆದ ವರ್ಷ ಉತ್ತರಾಯಣದಂದು, ಅಂದರೆ ನಮ್ಮ ಸಂಕ್ರಾಂತಿಯ ದಿನ, ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತಿದ್ದಾಗ, ತುಮಕೂರಿನಿಂದ ನಮ್ಮಕ್ಕ ಹೊಸ ಫೋನಿನಲ್ಲಿ ತಾನೇ ತೆಗೆದುಕೊಂಡ ಮೊದಲ ವೀಡಿಯೊ ಕಳಿಸಿದ್ದಳು. ನನ್ನ ಕೈಯಲ್ಲಿ ದಾರ, ನೋಡಲು ಪುರಸೊತ್ತೆಲ್ಲಿ? ನೋಡಿದವನ ಹಾಗೆ ಒಂದು ಹೆಬ್ಬೆರಳ ಚಿತ್ರ ಕಳಿಸಿ, ಆಮೇಲೆ ನೋಡಿದರಾಯಿತೆಂದು ಅದನ್ನು ಫೋನಿನಿಂದ ತೆಗೆದು ಕಂಪ್ಯೂಟರಿಗೆ ಸಾಗಹಾಕಿದೆ. ಯುಗಾದಿ ಬರುವಷ್ಟರಲ್ಲಿ ಅಕ್ಕನೇ ಇರಲಿಲ್ಲ.

ಕಾರ್ಯ ಮುಗಿಸಿಕೊಂಡು ಬಂದು ಆ ವೀಡಿಯೊವನ್ನು ಬ್ರೌಸರಿನಲ್ಲಿ ತೆರೆದರೆ ಅಕ್ಕನ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು, ಪರದೆ ಮಾತ್ರ ಕಪ್ಪು. “ಪುಟ್ಟಾ, ಹೊಸ ಕನ್ನಡಕ ಹಾಕ್ಕೊಂಡಿದೀನಿ ಕಣೋ. ಮೇಷ್ಟ್ರ ಥರ ಕಾಣ್ತೀಯ ಅಂತಾರೆ ನಿಮ್ ಭಾವ. ನೀನ್ ನೋಡಿ ಹೇಳು. ಕಾಣ್ತಾ ಇದೀನಾ?” ಐವತ್ತಾರು ವರ್ಷದ, ಬೋಳುತಲೆಯ ನನ್ನನ್ನು ಪುಟ್ಟಾ ಎನ್ನುವವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ.

ವಡೋದರಾದಲ್ಲಿ ಓದುವ ಮಗಳು ಶನಿವಾರ ಬಂದವಳು ಪರೀಕ್ಷಿಸಿ, “ವೀಡಿಯೊ ಸರಿಯಾಗೇ ಇದೆ ಅಪ್ಪಾ. ಈ ಫಾರ್ಮ್ಯಾಟ್‌ಗೆ ಪೇಟೆಂಟ್ ಇದೆ ನಾ, ಲೈಸೆನ್ಸ್ ಫೀ ಕೊಡ್ಬೇಕು. ಅದಕ್ಕೇ ಬ್ರೌಸರ್‌ನವರು ಸಪೋರ್ಟ್ ಮಾಡ್ಬೇಕಾ ಬೇಡ್ವಾ ಅಂತ ಇನ್ನೂ ಯೋಚ್ನೆ ಮಾಡ್ತಿದಾರೆ. ಬೇರೆ ಪ್ಲೇಯರ್ ಹಾಕ್ಲಾ?” ಎಂದಳು. ಬೇಡವೆಂದೆ. ಅಕ್ಕನ ಮುಖ ನೋಡಲು ಜೀವ ಹಾತೊರೆಯುತ್ತಿತ್ತು; ನೋಡದೆ ಕಳಿಸಿದ ಆ ಹೆಬ್ಬೆರಳಿನ ನಾಚಿಕೆ ಬಿಡುತ್ತಿರಲಿಲ್ಲ. ಹಾಗಾಗಿ ತಪ್ಪನ್ನೆಲ್ಲ ದೂರದೇಶದ ಬ್ರೌಸರ್ ಪಂಡಿತರ ತಲೆಗೆ ಕಟ್ಟಿ, ಅವರು ನಿರ್ಧರಿಸುವ ತನಕ ಕಾಯುವುದೇ ಧರ್ಮವೆಂದು ಕೂತೆ. ದಿನವೂ ಆ ಕತ್ತಲೆಗೆ ಕಿವಿಗೊಟ್ಟು, ಅಕ್ಕನ ಮೂಗಿನ ಮೇಲೆ ಬಗೆಬಗೆಯ ಕನ್ನಡಕ ಇಟ್ಟು ಕಲ್ಪಿಸಿಕೊಳ್ಳುತ್ತಿದ್ದೆ.

ಹೋದ ತಿಂಗಳು ಮಗಳ ಫೋನು. “ಅವರು ಒಪ್ಕೊಂಡ್ರು ಅಪ್ಪಾ, ಹೊಸ ವರ್ಷನ್‌ನಲ್ಲಿ ನಡೆಯತ್ತೆ. ಅಪ್‌ಡೇಟ್ ಮಾಡಿ, ಬಸ್, ಅಷ್ಟೇ.” ನನ್ನ ನೆಪ ಮುಗಿಯಿತು. ನಾಲ್ಕು ದಿನ ‘ಆಮೇಲೆ’ ಒತ್ತಿ, ಐದನೆಯ ಬೆಳಿಗ್ಗೆ ಸ್ನಾನ ಮಾಡಿ ಬಂದು ಪಕ್ಕದ ಗುಂಡಿ ಒತ್ತಿದೆ.

ಚಿತ್ರ ಬಂತು. ಕನ್ನಡಕವಿರಲಿಲ್ಲ, ಮುಖವೂ ಇರಲಿಲ್ಲ. ಪರದೆಯ ತುಂಬ ಮಬ್ಬುಗೆಂಪು. ಒಂದು ಮೂಲೆಯಲ್ಲಿ ಮಾತ್ರ ಅವಳ ಅಡುಗೆಮನೆಯ ಹಸಿರು ಗೋಡೆ ಚೂರು ಕಾಣುತ್ತಿತ್ತು. ಎರಡನೆಯ ಸಲ ನೋಡಿದಾಗ ಹೊಳೆಯಿತು: ಎರಡೂ ಕೈಯಲ್ಲಿ ಫೋನನ್ನು ಭದ್ರವಾಗಿ ಹಿಡಿದ ಅಕ್ಕ ಕ್ಯಾಮೆರಾದ ಮೇಲೆಯೇ ಹೆಬ್ಬೆರಳು ಇಟ್ಟುಬಿಟ್ಟಿದ್ದಳು. ಅಂದೇ ನೋಡಿ ಹೇಳಿದ್ದರೆ ಹತ್ತು ನಿಮಿಷದಲ್ಲಿ ಇನ್ನೊಂದು ಬರುತ್ತಿತ್ತು.

ಈಗ ಆ ವಿಜ್ಞಾಪನೆ ಬಂದರೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತೇನೆ. ಹೊಸ ಬ್ರೌಸರಿನಲ್ಲಿ ಮೊದಲು ತೆರೆಯುವುದು ಅಕ್ಕನ ವೀಡಿಯೊವನ್ನೇ. ಕಾಣ್ತಾ ಇದೀನಾ ಎಂದು ಅವಳು ಕೇಳಿದಾಗ, ಆ ಕೆಂಪು ಬೆರಳನ್ನು ನೋಡುತ್ತ, ಇದ್ದದ್ದನ್ನೇ ಗಟ್ಟಿಯಾಗಿ ಹೇಳುತ್ತೇನೆ: “ಇಲ್ಲ ಕಣಕ್ಕಾ, ಕಾಣ್ತಿಲ್ಲ. ಬೆರಳು ತೆಗಿ. ಇನ್ನೊಂದ್ಸಲ ಕಳ್ಸು.”