ಬದುವಿನ ಮೇಲೆ ಬಿಟ್ಟ ಚಪ್ಪಲಿ

ನೀಲಗಂಗವ್ವ ಹೊಲಕ್ಕೆ ಕಾಲಿಡುವ ಮೊದಲು ಚಪ್ಪಲಿ ಬಿಡುತ್ತಿದ್ದಳು. ಬದುವಿನ ಮೇಲೆ, ಒಂದರ ಪಕ್ಕ ಒಂದು, ಗುಡಿಯ ಮುಂದೆ ಬಿಟ್ಟ ಹಾಗೆ. ಮುಳ್ಳಿದ್ದರೂ ಸರಿ, ಬೇಸಿಗೆಯಲ್ಲಿ ಮಣ್ಣು ಕಾದು ಹಂಚಾಗಿದ್ದರೂ ಸರಿ. ಊರಿನ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ಅದು ಅವಳ ರೂಢಿ ಎಂದುಕೊಂಡರು. ಪಕ್ಕದ ಹೊಲದ ಮಂಗಳವ್ವ ಒಮ್ಮೆ ಮೆಣಸಿನಕಾಯಿ ಬಿಡಿಸುತ್ತಾ, "ನೀಲಗಂಗಿ ಹೊಲದಾಗ ಯಾವುದೋ ದೇವರ ಹೂತಿಟ್ಟಾಳವ್ವ, ಅದಕ್ಕ ಕಾಲಾಗ ಚಪ್ಪಲಿ ಇಲ್ಲ" ಎಂದು ಚೇಷ್ಟೆ ಮಾಡಿದ್ದಳು. ನೀಲಗಂಗವ್ವ ಬುಟ್ಟಿ ಎತ್ತಿಕೊಂಡು ದೂರದ ಸಾಲಿಗೆ ಹೋಗಿಬಿಟ್ಟಳು. ಯಾಕೆಂದು ಮಂಗಳವ್ವನಿಗೆ ತಿಳಿಯಲಿಲ್ಲ.

ಕದರಮಂಡಲಗಿಯ ಆಚೆ, ಒಂದು ಬೋಳು ಗುಡ್ಡದ ಬುಡಕ್ಕಿರುವ ಹೊಲ ಅದು. ಅದರಲ್ಲಿ ಅವಳ ಮೊದಲ ಕೂಸಿತ್ತು. ಎಲ್ಲಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮದುವೆಯಾಗಿ ಎರಡನೇ ಮಳೆಗಾಲ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಹೆಣ್ಣುಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಒಂದು ಬೆಳಗ್ಗೆ ಅದರ ಮೈ ತಣ್ಣಗಾಗಿತ್ತು. ಗಂಡ ಗುಡದಪ್ಪ ಮತ್ತು ಅವನ ಅಣ್ಣ ಕರಬಸಪ್ಪ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಬಾಣಂತಿ ಹೊಸಿಲು ದಾಟುವಂತಿರಲಿಲ್ಲ. ಅತ್ತೆ ಅವಳ ಎದೆಗೆ ಹಳೇ ಸೀರೆಯ ತುಂಡು ಬಿಗಿದು ಕಟ್ಟಿದಳು, ಹಾಲು ಬತ್ತಲಿ ಎಂದು. ಗಂಡಸರು ಕಾಲು ತೊಳೆದುಕೊಂಡು ಒಳಗೆ ಬಂದಾಗ ನೀಲಗಂಗವ್ವ ಕೇಳಿದಳು.

"ಎಲ್ಲಿ ಮಣ್ಣ ಮಾಡಿದ್ರಿ?"

"ಹೊಲದಾಗ" ಎಂದ ಗುಡದಪ್ಪ.

"ಹೊಲದಾಗ ಎಲ್ಲಿ?"

ಅತ್ತೆ ನಡುವೆ ಬಂದಳು. "ತಾಯಿಗೆ ಆ ಜಾಗ ತೋರಸಬಾರದು. ತೋರಸಿದ್ರ ಮನಸು ಅಲ್ಲೇ ಕುಂದರತೈತಿ, ಮುಂದಿನ ಕೂಸು ನಿಲ್ಲಂಗಿಲ್ಲ. ಹೇಳಂಗಿಲ್ಲ ಅಂತ ನನ್ನ ಕೈಮ್ಯಾಲ ಕೈ ಇಟ್ಟು ಮಾತ ಕೊಡ್ರಿ ಇಬ್ಬರೂ."

ಇಬ್ಬರೂ ಕೊಟ್ಟರು. ಮರುವರ್ಷ ಜ್ಯೋತಿಲಕ್ಷ್ಮಿ ಹುಟ್ಟಿದಳು, ಉಳಿದಳು, ಬೆಳೆದು ಹಾವೇರಿಗೆ ಮದುವೆಯಾಗಿ ಹೋದಳು. ಅತ್ತೆಯ ಮಾತು ಖರೇ ಆಯಿತು ಎಂದಿತು ಊರು. ಅತ್ತೆ ಸತ್ತಳು. ಮಾತು ಮಾತ್ರ ಸಾಯಲಿಲ್ಲ.

ಹೀಗೆ ಒಬ್ಬ ತಾಯಿ ಮೂವತ್ತು ವರ್ಷಕ್ಕೂ ಮೇಲೆ ತನ್ನ ಕೂಸು ಎಲ್ಲಿ ಮಲಗಿದೆಯೆಂದು ತಿಳಿಯದ ನೆಲದಲ್ಲಿ ಕಳೆ ತೆಗೆದಳು, ನೀರು ಹಾಯಿಸಿದಳು, ಮೆಣಸಿನಕಾಯಿ ಬಿಡಿಸಿದಳು. ಒಂದು ವರ್ಷ ಬಾವಿಯ ಕಡೆಯ ಸಾಲಿನಲ್ಲಿ ಒಂದು ಗಿಡ ಉಳಿದವಕ್ಕಿಂತ ಎತ್ತರ ಬೆಳೆದು ಕಡುಕೆಂಪು ಕಾಯಿ ಬಿಟ್ಟಿತು. ಅಲ್ಲೇ ಇರಬೇಕು ಎಂದುಕೊಂಡು ಆ ಗಿಡದ ಕಾಯಿ ಮುಟ್ಟಲಿಲ್ಲ. ಮರುವರ್ಷ ಬೇರೆಲ್ಲೋ ಬೇರೆ ಗಿಡ ಹಾಗೆ ನಿಂತಿತು. ಕಳೆ ಕೀಳುವ ಕುರ್ಪಿ ಎಲ್ಲಿ ಹಾಕಿದರೂ ಕೈ ಒಂದು ಕ್ಷಣ ತಡೆಯುತ್ತಿತ್ತು. ಮಧ್ಯಾಹ್ನ ಗಾಳಿ ನಿಂತಾಗ ಇಡೀ ಹೊಲ ಉಸಿರು ಹಿಡಿದು ಅವಳು ಎಲ್ಲಿ ಹೆಜ್ಜೆ ಇಡುತ್ತಾಳೆಂದು ನೋಡುತ್ತಿದೆ ಅನ್ನಿಸುತ್ತಿತ್ತು.

ಒಂದು ಜಾಗದಲ್ಲಿ ಮಾತ್ರ ಅವಳು ನಿರಾಳವಾಗಿ ಕೂರುತ್ತಿದ್ದಳು. ಹೊಲದ ನಡುವಿನ ಬೇವಿನ ಗಿಡದ ಬುಡ. ಗಂಡ ಹೆಂಡತಿ ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲೇ. ಕೂಸಿನ ಮೇಲೆ ಕೂತು ಯಾರಾದರೂ ರೊಟ್ಟಿ ಮುರಿಯುತ್ತಾರೆಯೇ? ಆದ್ದರಿಂದ ಅಲ್ಲಂತೂ ಇಲ್ಲ. ಒಂದು ಬೇಸಿಗೆಯ ಗಾಳಿಮಳೆಗೆ ಆ ಗಿಡ ಬುಡಮೇಲಾಯಿತು. ಗುಡದಪ್ಪ ಆಮೇಲೂ ಬುತ್ತಿಯ ಗಂಟನ್ನು ಅಲ್ಲೇ ಇಡುತ್ತಿದ್ದ.

"ನೆತ್ತಿ ಸುಡಾಕತ್ತೈತಿ. ಹುಣಸಿ ಗಿಡದ ಕೆಳಗ ಹೋಗೂಣು ಬರ್ರಿ" ಎಂದರೆ,

"ಇಲ್ಲೇ ಕುಂದ್ರ. ರೂಢಿ ಆಗೈತಿ" ಎನ್ನುತ್ತಿದ್ದ.

"ನಿಮ್ಮ ರೂಢಿ ಸುಡ್ಲಿ" ಎಂದು ಬೈದು ಸೆರಗು ತಲೆಗೆ ಹೊದ್ದು ಉಣ್ಣುತ್ತಿದ್ದಳು.

ಗುಡದಪ್ಪನಿಗೆ ಲಕ್ವ ಹೊಡೆದು ಮಾತು ನಿಂತಾಗ ಅವಳು ಹಾಸಿಗೆಯ ಪಕ್ಕ ಬಗ್ಗಿ ಕೊನೆಯ ಸಲ ಕೇಳಿದಳು. ಅವನ ಕೈ ಚಾದರದ ಮೇಲೆ ಸ್ವಲ್ಪ ಎದ್ದಿತು, ಬಿತ್ತು. ಅವನನ್ನು ಊರ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಆ ಜಾಗ ಎಲ್ಲರಿಗೂ ಗೊತ್ತು, ಕಲ್ಲೂ ಇದೆ.

ಇನ್ನು ಬಲ್ಲವನೆಂದರೆ ಭಾವ ಕರಬಸಪ್ಪನೊಬ್ಬ. ಆದರೆ ಗಂಡನ ಅಣ್ಣನ ಮುಖ ನೋಡಿ ಮಾತಾಡುವ ಪದ್ಧತಿ ಆ ಮನೆಯ ಸೊಸೆಯಂದಿರಿಗೆ ಇರಲಿಲ್ಲ. ಅವನು ಪಡಸಾಲೆಗೆ ಬಂದರೆ ಅವಳು ಸೆರಗು ಮುಖದವರೆಗೆ ಎಳೆದು ಬಾಗಿಲ ಕಂಬಕ್ಕೆ ಹೇಳುತ್ತಿದ್ದಳು: "ಊಟಕ್ಕ ಬಡಿಸೇತಿ." ಅವನು ಅದೇ ಕಂಬಕ್ಕೆ ಉತ್ತರಿಸುತ್ತಿದ್ದ: "ಬಂದೆ ಅಂತ ಹೇಳು." ಹೊಲ ಪಾಲಾಗಿ ಮನೆ ಎರಡಾದ ಮೇಲೆ ಆ ಕಂಬವೂ ನಡುವೆ ಉಳಿಯಲಿಲ್ಲ. ಉಪ್ಪು, ಸಾರು, ಕರುವಿನ ಜ್ವರ, ಇವನ್ನೆಲ್ಲ ಕಂಬಕ್ಕೆ ಹೇಳಬಹುದು. ಇದನ್ನು ಹೇಗೆ ಹೇಳುವುದು?

ಗಾಳಿಯಿಂದ ಕರೆಂಟು ಮಾಡುವ ಕಂಪನಿ ಊರಿಗೆ ಬಂದದ್ದು ಆಮೇಲೆ. ಮೊದಲು ಗುಡ್ಡದ ನೆತ್ತಿಯಲ್ಲಿ ಒಂದು ಸಪೂರ ಕಬ್ಬಿಣದ ಕಂಬ ನಿಂತಿತು, ಗಾಳಿಯ ಜೋರು ನೋಡುವುದಕ್ಕೆ. ಅದನ್ನು ಹಿಡಿದು ಕಟ್ಟಿದ್ದ ತಂತಿಗಳು ಸಂಜೆ ಗಾಳಿಗೆ ಒಂದು ಎಳೆದನಿ ಹೊರಡಿಸುತ್ತಿದ್ದವು. ಊರಿಗೆ ಅದು ಕೇಳಿಸದಷ್ಟು ಸಣ್ಣದು. ನೀಲಗಂಗವ್ವ ಕುರ್ಪಿ ಬಿಟ್ಟು ಎದ್ದು ನಿಂತು ಎಲ್ಲಿಂದ ಎಂದು ಸುತ್ತ ನೋಡುತ್ತಿದ್ದಳು. ಗುಡ್ಡದಿಂದ ಎಂದು ಗೊತ್ತಿದ್ದರೂ ಕಣ್ಣು ನೆಲಕ್ಕೇ ಬರುತ್ತಿತ್ತು.

ಬಳಿಕ ಗುಡಿಯ ಕಟ್ಟೆಯ ಮೇಲೆ ಸಭೆಯಾಯಿತು. ಗುಡ್ಡದ ಸಾಲಿನಲ್ಲಿ ಎಂಟು ದೊಡ್ಡ ಕಂಬಗಳು ಏಳುತ್ತವೆ ಎಂದು ಇಂಜಿನಿಯರ್ ಅಯಾಜ್ ನಕ್ಷೆ ಬಿಡಿಸಿ ತೋರಿಸಿದ. ಊರಿನವರು ಅವನ್ನು ಆಗಲೇ 'ಫ್ಯಾನು' ಎಂದು ಕರೆಯತೊಡಗಿದ್ದರು. ಏಳನೆಯದು ಕರಬಸಪ್ಪನ ಗುಡ್ಡದ ಜಮೀನಿನಲ್ಲಿ. ಅದರ ರೆಕ್ಕೆ ಹೊತ್ತ ಉದ್ದನೆಯ ಲಾರಿ ಮೇಲೆ ಹೋಗಬೇಕಾದರೆ ನೀಲಗಂಗವ್ವನ ಹೊಲದ ನಡುವೆ ರಸ್ತೆಯಾಗಬೇಕು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಕಡಿದಾದ ಬಂಡೆ, ಲಾರಿ ಬೇರೆಲ್ಲೂ ಹೊರಳುವುದಿಲ್ಲ.

"ನನ್ನ ಹೊಲ ಅಗಿಯೂದು ಬ್ಯಾಡ" ಎಂದಳು ನೀಲಗಂಗವ್ವ. ಎದ್ದು ಹೋದಳು.

"ಚಿಗವ್ವಗ ರೇಟ್ ಸಾಲವಲ್ದು, ಮತ್ತೇನಿಲ್ಲ" ಎಂದ ಕರಬಸಪ್ಪನ ಮಗ ವಿಜಯಮಹಾಂತೇಶ. ಜನ ನಕ್ಕರು. ಕರಬಸಪ್ಪ ನಗಲಿಲ್ಲ.

ಊರಿನವರ ಜೊತೆ ಕೂತು ಮಾತಾಡುವುದಕ್ಕೆಂದೇ ಕಂಪನಿ ಒಬ್ಬ ಹುಡುಗಿಯನ್ನು ಇಟ್ಟಿತ್ತು. ರಾಣೇಬೆನ್ನೂರಿನ ಮೇಘಾ. ಸ್ಕೂಟಿಯಲ್ಲಿ ಬರುತ್ತಿದ್ದಳು, ಧೂಳು ತಿಂದು.

"ಅವ್ವಾರ, ಒಳಗ ಬರ್ಲ್ಯಾ?"

"ಬಾ ತಂಗಿ. ರಸ್ತಾದ ಮಾತಿದ್ರ ಚಾ ಕುಡದು ಹಂಗ ಎದ್ದು ಹೋಗು."

"ಬರೇ ಚಾ ಕುಡ್ಯಾಕ ಬಂದೇನ್ರಿ."

"ಸುಳ್ಳ ಹೇಳೂದು ಇನ್ನೂ ಕಲೀಬೇಕು ನೀ."

ಮೇಘಾ ನಕ್ಕು ಚಹಾ ಕುಡಿದು ಹೋದಳು. ಮತ್ತೆ ಬಂದಳು. ಮತ್ತೂ ಬಂದಳು. ಒಂದು ಮಧ್ಯಾಹ್ನ ನೀಲಗಂಗವ್ವನೇ ಕೇಳಿದಳು. "ಇದಕ್ಕ ಮೊದಲ ಎಲ್ಲಿ ಇದ್ದಿ?"

"ಸಮುದ್ರದ ದಂಡ್ಯಾಗ್ರಿ. ಸಮುದ್ರದ ಒಳಗ ಇಂಥಾವೇ ಫ್ಯಾನ್ ನಿಲ್ಲಸಬೇಕು ಅಂತ ಇತ್ತು. ಮೀನ ಹಿಡಿಯೋ ಮಂದಿನ್ನ ಕೇಳಾಕ ಊರೂರು ತಿರುಗತಿದ್ವಿ."

"ನೀರಾಗ ಯಾರ ಹೊಲ ಐತಿ, ಕೇಳಾಕ?"

"ನಾನೂ ಹಂಗ ಅನಕೊಂಡಿದ್ನಿರಿ." ಮೇಘಾ ಕಪ್ಪನ್ನು ಕೆಳಗಿಟ್ಟಳು. "ಅಲ್ಲಿ ಒಬ್ಬಾಕಿ ಅಜ್ಜಿ ಇದ್ಲು. ಆಕಿ ಗಂಡ, ಮಗ ಒಂದ ದೋಣ್ಯಾಗ ಹೋದವರು ತಿರುಗಿ ಬರಲಿಲ್ಲಂತ. ಕಂಬ ಎಲ್ಲಿ ಬಡೀತೀರಿ ಅಂತ ದಿನಾ ಕೇಳಾಕಿ. ನಾವು ನಕ್ಷೆ ತೋರಸಾವ್ರು. 'ಅವರ ಮ್ಯಾಲ ಬಡೀಬ್ಯಾಡ್ರವ್ವಾ' ಅಂತಿದ್ಲು."

"ಅವರು ಎಲ್ಲಿದಾರ ಅಂತ ಆಕಿಗೆ ಗೊತ್ತಿತ್ತೇನು?"

"ಇಲ್ರಿ. ಕೇಳಿದ್ರ ಇಡೀ ಸಮುದ್ರಕ್ಕ ಕೈ ಮಾಡಿ ತೋರಸಾಕಿ."

ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು. ನೀಲಗಂಗವ್ವ ಏಳಲಿಲ್ಲ. ಸುಟ್ಟ ಹಾಲಿನ ವಾಸನೆ ಮನೆ ತುಂಬಿತು.

"ಅಲ್ಲಿ ಕಂಬ ನಿಂತೂವೇನು?"

"ಇನ್ನೂ ಕಾಗದದ ಮ್ಯಾಲ ಅದಾವ್ರಿ. ಆಕಿ ಹಂಗ ದಂಡ್ಯಾಗ ಕುಂತಿರಬೇಕು."

ಆಗ ನೀಲಗಂಗವ್ವ ಹೇಳಿದಳು. ಮಗಳು ಜ್ಯೋತಿಲಕ್ಷ್ಮಿಗೂ ಹೇಳದ್ದನ್ನು ಈ ಹೊರಗಿನ ಹುಡುಗಿಗೆ, ಅಳದೆ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. ಕೊನೆಗೆ ಅಂದಳು: "ರಸ್ತಾ ಬ್ಯಾಡ ಅನ್ನೂದಿಲ್ಲ ತಂಗಿ. ಆಕಿ ಎಲ್ಲಿದಾಳ ಅಂತ ಒಬ್ಬರು ತೋರಸ್ಲಿ. ಅದೊಂದ ಬಿಟ್ಟು ಎಲ್ಲಿ ಬೇಕಾದ್ರೂ ಅಗೀರಿ. ಗೊತ್ತಿಲ್ದ ಹೆಂಗ ಅಗಿಯಾಕ ಬಿಡ್ಲಿ?"

ಮೇಘಾ ಅಲ್ಲಿಂದ ನೇರ ಕರಬಸಪ್ಪನ ಮನೆಗೆ ಹೋದಳು. ಮುದುಕ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಕೇಳಿಸಿಕೊಂಡ. ಕೈಯೊಳಗಿನ ಎಳೆ ಬಿಚ್ಚಿಹೋಯಿತು.

"ಅವ್ವಗ ಮಾತ ಕೊಟ್ಟೇನಿ" ಎಂದ.

"ಅವ್ವ ಹೋಗಿ ಎಷ್ಟೋ ವರ್ಷ ಆತಲ್ರಿ ಯಜಮಾನರ."

"ಅದ ತ್ರಾಸ. ಮಾತ ಹೊಳ್ಳಿ ತಗೊಳ್ಳಾಕ ಆಕಿ ಇಲ್ಲ."

ಒಳಗಿನಿಂದ ಬಂದ ವಿಜಯಮಹಾಂತೇಶ ಎಲ್ಲ ಕೇಳಿಸಿಕೊಂಡಿದ್ದ. "ಇಷ್ಟಕ್ಕ ತಕರಾರೇನಪಾ? ನಾಳೆ ಹೋಗಿ ಯಾವುದಾರ ಒಂದ ಮೂಲಿ ತೋರಸಿ ಬಾ. ಚಿಗವ್ವಗೂ ಸಮಾಧಾನ, ನಮಗೂ ಫ್ಯಾನು. ಯಾರು ಅಗದು ನೋಡಾವ್ರು?"

ಕರಬಸಪ್ಪ ಮಗನ ಮುಖ ನೋಡಿದ. ಬಿಚ್ಚಿದ ಎಳೆಯನ್ನು ಮತ್ತೆ ಹೊಸೆಯತೊಡಗಿದ.

ಮರುದಿನ ಬೆಳಗ್ಗೆ ಅವನು ಹೊಲಕ್ಕೆ ಬಂದ, ಮಗನ ಬೈಕಿನ ಹಿಂದೆ ಕೂತು. ಜಾಗ ತೋರಿಸಿದರೆ ರಸ್ತೆಗೆ ಒಪ್ಪಿಗೆಯಂತೆ ಎಂದು ಕೇಳಿ ಅಯಾಜ್ ಆಗಲೇ ಅದರ ಗುರುತಿಗೆ ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ಹೊಲದ ಉದ್ದಕ್ಕೂ ನೆಟ್ಟಿದ್ದ. ಮೆಣಸಿನಕಾಯಿ ಬಿಡಿಸಿ ಮುಗಿದು ಹೊಲ ಖಾಲಿಯಿತ್ತು. ನೀಲಗಂಗವ್ವ ಬದುವಿನ ಮೇಲೆ ಸೆರಗು ಮುಖಕ್ಕೆಳೆದು ನಿಂತಿದ್ದಳು, ಪಕ್ಕದಲ್ಲಿ ಮೇಘಾ.

"ಕೇಳು ತಂಗಿ ಅವರನ್ನ" ಎಂದಳು.

ಮೇಘಾ ಬಾಯಿ ತೆರೆಯುವಷ್ಟರಲ್ಲಿ ನೀಲಗಂಗವ್ವ ಅವಳ ಕೈ ಹಿಡಿದು ತಡೆದಳು. ಸೆರಗು ಹಿಂದಕ್ಕೆ ಸರಿಸಿದಳು. ಆ ಮನೆಗೆ ಬಂದಂದಿನಿಂದ ಮೊದಲ ಸಲ ಭಾವನ ಮುಖ ನೇರ ನೋಡಿದಳು. ಎಷ್ಟು ಮುದುಕನಾಗಿದ್ದಾನೆ ಎಂಬುದು ಅವಳಿಗೆ ಅಂದೇ ತಿಳಿದದ್ದು.

"ಭಾವಾರ, ನನ್ನ ಕೂಸು ಎಲ್ಲೈತ್ರಿ?"

ಕರಬಸಪ್ಪ ಬಗ್ಗಿ ಚಪ್ಪಲಿ ಬಿಟ್ಟ. ಅವಳ ಚಪ್ಪಲಿಯ ಪಕ್ಕದಲ್ಲೇ. ಮಗ ಮೂಲೆಯ ಹುಣಸೆಯ ಕಡೆ ಕಣ್ಣು ಮಾಡಿದ್ದು ಮೇಘಾಗೆ ಕಂಡಿತು. ಮುದುಕ ಆ ಕಡೆ ಹೋಗಲಿಲ್ಲ. ಹುಡುಕಲೂ ಇಲ್ಲ, ಅತ್ತ ಇತ್ತ ನೋಡಲೂ ಇಲ್ಲ. ದಿನಾ ಹೋಗುವ ದಾರಿ ಎಂಬಂತೆ ಹೊಲದ ನಡುವಿಗೆ ನಡೆದ. ಗೂಟಗಳ ಸಾಲಿನಲ್ಲಿ ಒಂದರ ಹತ್ತಿರ ನಿಂತ. ಎರಡೂ ಕೈಯಲ್ಲಿ ಹಿಡಿದು ಅದನ್ನು ಕಿತ್ತ.

"ಇಲ್ಲೇವಾ. ಬೇವಿನ ಗಿಡದ ಬುಡದಾಗ. ತಂಪಿರಲಿ ಅಂತ ಗುಡದಪ್ಪನೇ ಈ ಜಾಗ ಆರಿಸಿದ."

"ಅಪ್ಪಾ!" ಎಂದು ಕೂಗಿದ ವಿಜಯಮಹಾಂತೇಶ.

"ಸುಮ್ನಿರೋ" ಎಂದ ಮುದುಕ, ತಿರುಗಿ ನೋಡದೆ.

ನೀಲಗಂಗವ್ವ ಅಲ್ಲಿಗೆ ಹೋದಳು. ನಿಂತಳು. ಅವಳ ಬಾಯಿಂದ ಬಂದದ್ದು ಅಳು ಎಂದು ಎಲ್ಲರೂ ಮೊದಲು ತಿಳಿದರು; ಅದು ನಗು. "ಇಲ್ಲೇನ್ರಿ? ನಾ ಇಲ್ಲೇ ಕುಂತು ಉಣ್ತಿದ್ನಲ್ರಿ. ಗಿಡ ಬಿದ್ದಮ್ಯಾಲೂ ಬಿಸಲಾಗ ಇಲ್ಲೇ ಕುಂದರಸ್ತಿದ್ರು. ಉಳಿದ ಮಜ್ಜಿಗಿ ಇಲ್ಲೇ ಚೆಲ್ತಿದ್ರು. ಗಿಡ ಇಲ್ಲ, ಯಾರಿಗೆ ಹಾಕ್ತೀರಿ ಅಂತ ಬೈತಿದ್ದೆ. ಬೈತಿದ್ದೆ ನಾ ಅವರ್ನ."

ಕರಬಸಪ್ಪ ಮಣ್ಣು ನೋಡುತ್ತಾ ಹೇಳಿದ. "ಹೇಳಂಗಿಲ್ಲ ಅಂತ ಮಾತ ಕೊಟ್ಟಿದ್ದ. ನಿನ್ನ ಇಲ್ಲಿ ಕುಂದರಸಂಗಿಲ್ಲ ಅಂತ ಕೊಟ್ಟಿದ್ದಿಲ್ಲ."

ಅವಳು ಅಲ್ಲೇ ಕೂತಳು, ಹಿಂದೆ ಕೂರುತ್ತಿದ್ದ ಹಾಗೆಯೇ, ಒಂದು ಮೊಣಕಾಲು ಮಡಚಿ. ಗುಡ್ಡದ ಕಂಬದ ತಂತಿಗಳು ಸದ್ದು ಮಾಡುತ್ತಿದ್ದವು. ಅಯಾಜ್ ಉಳಿದ ಗೂಟಗಳನ್ನು ಒಂದೊಂದಾಗಿ ಕಿತ್ತು ಜೀಪಿಗೆ ಹಾಕಿದ, ಯಾರೂ ಹೇಳುವ ಮೊದಲೇ.

ರಸ್ತೆಯನ್ನು ಸ್ವಲ್ಪ ಹೊರಳಿಸಲು ಆದೀತೇ ಎಂದು ಮೇಘಾ ಕಂಪನಿಯವರ ಜೊತೆ ಬಹಳ ಗುದ್ದಾಡಿದಳು. ಅಷ್ಟು ಉದ್ದದ ರೆಕ್ಕೆ ಹಳ್ಳ, ಬಂಡೆಗಳ ನಡುವೆ ಹೊರಳುವುದಿಲ್ಲ. ಏಳನೆಯ ಫ್ಯಾನು ಮೋಟೆಬೆನ್ನೂರಿನ ಕಡೆಯ ಬೇರೊಂದು ದಿಬ್ಬಕ್ಕೆ ಹೋಯಿತು. ಕರಬಸಪ್ಪನ ಗುಡ್ಡಕ್ಕೆ ಏನೂ ಬರಲಿಲ್ಲ. ಮಗ ಎರಡು ಸುಗ್ಗಿ ಅಪ್ಪನ ಜೊತೆ ಮಾತು ಬಿಟ್ಟ. "ಔಷಧ ತಂದೇನಿ ಅಂತ ಹೇಳು" ಎಂದು ಈಗ ಅವನು ಬಾಗಿಲ ಕಂಬಕ್ಕೆ ಹೇಳುತ್ತಾನಂತೆ. ಪಲ್ಯ ಮಾಡಿದ ದಿನ ನೀಲಗಂಗವ್ವ ಭಾವನಿಗೆ ಒಂದು ಬಟ್ಟಲು ಒಯ್ದು ಕೊಡುತ್ತಾಳೆ. ಸೆರಗು ತಲೆಯ ಮೇಲಿರುತ್ತದೆ, ಮುಖದ ಮೇಲಿಲ್ಲ.

ಹೆದ್ದಾರಿಯಿಂದ ನೋಡಿದರೆ ಆ ಗುಡ್ಡದ ಸಾಲು ಕಾಣುತ್ತದೆ. ಆರು ಫ್ಯಾನು, ಆಮೇಲೆ ಬರಿಯ ಆಕಾಶ, ಆಮೇಲೆ ಇನ್ನೊಂದು. ಹಲ್ಲು ಉದುರಿದ ಬಾಯಿಯಂತೆ. ಸಂಜೆ ಹೊತ್ತು ಇಳಿದಾಗ ಆರನೆಯದರ ನೆರಳು ನೀಲಗಂಗವ್ವನ ಹೊಲಕ್ಕೆ ಬರುತ್ತದೆ. ರೆಕ್ಕೆಯೊಂದು ಹಾಯುತ್ತದೆ, ಬೆಳಕು ಬರುತ್ತದೆ, ಮತ್ತೊಂದು ಹಾಯುತ್ತದೆ. ಮಂಗಳವ್ವನಿಗೆ ಅದು ತಲೆ ತಿರುಗಿಸುತ್ತದಂತೆ, ಬೇಗ ಮನೆಗೆ ಹೊರಡುತ್ತಾಳೆ.

ಕಳೆದ ಸುಗ್ಗಿಯಲ್ಲಿ ಆ ದಾರಿಯಾಗಿ ಹೋಗುತ್ತಿದ್ದ ಮೇಘಾ ಸ್ಕೂಟಿ ನಿಲ್ಲಿಸಿದಳು. ಬದುವಿನ ಮೇಲೆ ಚಪ್ಪಲಿ ಇರಲಿಲ್ಲ. ನೀಲಗಂಗವ್ವ ಚಪ್ಪಲಿ ಮೆಟ್ಟಿಕೊಂಡೇ ಸಾಲುಗಳ ನಡುವೆ ನಡೆಯುತ್ತಿದ್ದಳು, ದಪದಪ ಹೆಜ್ಜೆ ಹಾಕಿ, ಯಾರದೋ ಹೊಲದಲ್ಲಿ ಕೂಲಿಗೆ ಹೋದವಳ ಹಾಗೆ ಸಲೀಸಾಗಿ. ಹೊಲದ ನಡುವಿಗೆ ಬಂದಾಗ ನಿಂತಳು. ಅಲ್ಲಿ ಮೆಣಸಿನ ಗಿಡಗಳಿರಲಿಲ್ಲ. ಒಂದು ಹಾಸಿಗೆಯಷ್ಟು ನೆಲ ಬರಿದಾಗಿತ್ತು. ನಡುವೆ ಮೊಣಕಾಲೆತ್ತರದ ಒಂದು ಬೇವಿನ ಸಸಿ.

ಅವಳು ಅಲ್ಲಿ ಚಪ್ಪಲಿ ಬಿಟ್ಟಳು. ಬುತ್ತಿಯ ಗಂಟು ಬಿಚ್ಚಿದಳು.