ಬಾಗಿಲಕ್ಕನ ಧ್ಯೇಯವಾಕ್ಯ

ಹೆರಿಗೆ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ಬಾಗಿಲಕ್ಕ ಎಂದೇ ಕರೆಯುತ್ತಾರೆ, ಏಕೆಂದರೆ ‘ಭಯಕ್ಕೆ ಬಾಗಿಲು ಹಾಕು, ಕೂಸಿಗೆ ಬಾಗಿಲು ತೆಗೆ!’ ಎಂಬುದು ಆಕೆಯ ಧ್ಯೇಯವಾಕ್ಯ. ನೋವು ತಿನ್ನುತ್ತಿರುವ ಬಸುರಿಯರಿಗಷ್ಟೇ ಅಲ್ಲ, ಹೊರಗೆ ಬೆವರುವ ಗಂಡಂದಿರಿಗೂ, ಕೈಗವಸು ತಿರುಗುಮುರುಗು ಹಾಕಿಕೊಳ್ಳುವ ಹೊಸ ಡಾಕ್ಟರಿಗೂ, ಕೆಟ್ಟು ನಿಂತ ಲಿಫ್ಟಿಗೂ ಆಕೆ ಇದನ್ನೇ ಗದರಿ ಹೇಳುವುದುಂಟು. ಇದರ ಮೂಲದ ಬಗ್ಗೆ ಪಾಠಾಂತರಗಳಿವೆ: ಅಜ್ಜಿ ಕಲಿಸಿದ್ದೆಂದು ಬೆಳಗಿನ ಪಾಳಿಯವರಿಗೆ ಹೇಳಿದ್ದಾಳೆ, ಕನಸಿನಲ್ಲಿ ಕೇಳಿಸಿದ್ದೆಂದು ಸಂಜೆ ಪಾಳಿಯವರಿಗೆ. ‘ಯಾವ್ದು ನಿಜ ಅಕ್ಕಾ?’ ಎಂದರೆ, ‘ಒಳಗೆ ಬಂದ ಕೂಸು ಬಾಗ್ಲು ಮಾಡಿದ ಬಡಗಿ ಯಾರು ಅಂತ ಕೇಳ್ತದೇನೇ?’ ಎಂದು ನಗುತ್ತಾಳೆ. ಆದರೆ ನಿನ್ನೆ ಮಧ್ಯಾಹ್ನ ಹೆರಿಗೆಯ ಮೇಜಿನ ಮೇಲಿದ್ದವಳು ಆಕೆಯ ಸ್ವಂತ ಮಗಳು. ‘ಅಮ್ಮಾ, ನನ್ನ ಕೈಲಾಗಲ್ಲ, ಅದನ್ನ ಹೇಳೇ!’ ಎಂದು ಮಗಳು ಕೈ ಹಿಡಿದುಕೊಂಡಾಗ, ಊರಿಗೆಲ್ಲ ಹಂಚಿದ ಆ ಮಾತನ್ನು ಹೇಳಲಾಗದೆ ಬಾಗಿಲಕ್ಕ ಮಗಳ ಕೂದಲು ನೇವರಿಸತೊಡಗಿದಳು. ಆಗ ಪರದೆಯಾಚೆ ನೆಲ ಒರೆಸುತ್ತಿದ್ದ ಹೆಂಗಸು ಆ ಮಾತನ್ನು ಕೂಗಿಯೇಬಿಟ್ಟಳು. ಪಕ್ಕದ ಹಾಸಿಗೆಗಳ ಬಸುರಿಯರು ತಮ್ಮ ತಮ್ಮ ನೋವಿನ ನಡುವೆಯೇ ದನಿಗೂಡಿಸಿದರು. ಇಡೀ ವಾರ್ಡು ಒಂದೇ ಕೊರಳಾಗಿ ಮೊಳಗುತ್ತಿರುವಾಗ ಕೂಸು ಜಾರಿ ಬಾಗಿಲಕ್ಕನ ಅಂಗೈಗೆ ಬಂತು. ಅದು ಅಳುವುದಕ್ಕೆ ಮೊದಲೇ ಅಜ್ಜಿ ಅತ್ತುಬಿಟ್ಟಳು.